ಉಪ್ಪಿಟ್ಟಿನ ತಟ್ಟೆ ಹಿಡಿದೇ ಬಾಗಿದೆ

ಉಪ್ಪಿಟ್ಟಿನ ತಟ್ಟೆ ಹಿಡಿದು ಮಾಂಬಳ್ಳಿಯ ನಮ್ಮ ನಡುಮನೆಗೆ ಬಂದಾಗ, ನನ್ನನ್ನು ನೋಡಲು ಬಂದಿದ್ದ ಕುಂತೂರಿನ ಹುಡುಗ ದಡಕ್ಕನೆ ಎದ್ದು ನಿಂತರು. ಕೈ ಮುಗಿಯಲಿಲ್ಲ, ಕೈಗಳನ್ನು ತೊಡೆಗೆ ಅಂಟಿಸಿ ಸೊಂಟದಿಂದ ಬಾಗಿದರು. ಕರಾಟೆಯವರ ನಮಸ್ಕಾರ!

“ಯಾಕ್ಲಾ ಇಂಗ್ ಬಗ್ತೀಯೆ?” ಎಂದರು ಅವರಮ್ಮ.

“ಕೊಳ್ಳೇಗಾಲದ ಕರಾಟೆ ಕ್ಲಾಸಲ್ಲಿ ನನ್ನ ಒದ್ದು ಬೀಳ್ಸಿದ್ದು ಇವ್ರೇ ಕಣವ್ವ. ಪಂದ್ಯ ಮುಗುದ್ಮೇಲೆ ಬಗ್ಬೇಕಿತ್ತು, ಮೇಲಕ್ಕೇ ಏಳಕ್ಕಾಗ್ನಿಲ್ಲ.”

ಕರಾಟೆ ಸುದ್ದಿಯನ್ನೇ ಎತ್ತಬೇಡವೆಂದಿದ್ದ ಅಪ್ಪನ ಮುಖ ಬಾಡಿತು. ನಾನು ಮಾತ್ರ ಕನಸಿನಲ್ಲೆಂಬಂತೆ ತಟ್ಟೆ ಹಿಡಿದೇ ಬಾಗಿದೆ. ಉಪ್ಪಿಟ್ಟು ಜಾರಿ ಅವರ ಪಾದದ ಮೇಲೆ ಬಿತ್ತು. ಅವರು ಕದಲಲಿಲ್ಲ.

“ಒದೆ ತಿಂದೋನೇ ಒಪ್ಕಂಡವ್ನೆ, ನಮ್ದೇನದೆ?” ಎಂದು ಅವರಮ್ಮ ನಕ್ಕುಬಿಟ್ಟರು.

ಈಗ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವರು ಹೊಸ್ತಿಲಲ್ಲಿ ಹಾಗೇ ಬಾಗುತ್ತಾರೆ. ನಾನೂ ಬಾಗುತ್ತೇನೆ. ಮೊದಲು ತಲೆ ಎತ್ತಿದವರು ಸೋತಂತೆ. ಹಾಗಾಗಿ ಅವರಿಗೆ ದಿನಾ ತಡ.