ಮಹಾಲಿಂಗಪುರದಲ್ಲಿ ಕೊಂಡ ಲೈಟರ್

ತೀರಿಕೊಂಡವರ ಆಸೆ ಉಳಿದಿರುತ್ತದೆ, ಅದು ನಮ್ಮ ನಡುವೆ ಸುಳಿದಾಡುತ್ತದೆ ಎಂಬ ಮಾತನ್ನು ನಾನು ನಂಬಿದವನಲ್ಲ. ಪುರೋಹಿತನೊಬ್ಬ ಹೀಗೆ ಬರೆದರೆ ನಿಮಗೆ ನಗು ಬರಬಹುದು. ಆದರೆ ಜಮಖಂಡಿಯಲ್ಲಿ ಇಷ್ಟು ವರ್ಷ ಸತ್ತವರ ಕಾರ್ಯ ಮಾಡಿಸಿ ಮಾಡಿಸಿ ನನಗೆ ದಕ್ಕಿದ್ದು ಮಂಡಿನೋವು ಮಾತ್ರ. ಹೊಳೆಯ ದಂಡೆಯಲ್ಲಿ ನನಗೆ ಯಾವ ಆತ್ಮವೂ ಎದುರಾಗಿರಲಿಲ್ಲ. ಎದುರಾಗುತ್ತಿದ್ದದ್ದು ಗಾಳಿ.

ಹತ್ತನೆಯ ದಿನದ ಕಾರ್ಯಕ್ಕೆ ನಾವು ಗಲಗಲಿಗೆ ಹೋಗುತ್ತೇವೆ. ಅಲ್ಲಿ ಕೃಷ್ಣೆಯ ದಂಡೆಯಲ್ಲೇ ಮೂರು ಕಲ್ಲು ಹೂಡಿ, ಸಗಣಿಯ ಕುಳ್ಳು ಇಟ್ಟು, ಪಿಂಡಕ್ಕೆ ಅನ್ನ ಮಾಡಬೇಕು. ಒಲೆ ಹೊತ್ತದೆ ಮುಂದಿನ ಮಂತ್ರವಿಲ್ಲ. ನನ್ನ ಕಡ್ಡಿಪೆಟ್ಟಿಗೆ ಒದ್ದೆ ಧೋತರದ ಸಹವಾಸಕ್ಕೆ ಮೆತ್ತಗಾಗಿ ಕೂರುತ್ತಿತ್ತು. ಪ್ಲಾಸ್ಟಿಕ್ ಲೈಟರಿನ ಉರಿ ಗಾಳಿ ಬಂದ ಕೂಡಲೇ ಆರುತ್ತಿತ್ತು, ಹಟ ಹಿಡಿದು ಒತ್ತಿದರೆ ಹೆಬ್ಬೆರಳು ಸುಡುತ್ತಿತ್ತು, ಗ್ಯಾಸ್ ತೀರಿದರೆ ಎಸೆಯಬೇಕಿತ್ತು. ಸುಂಯ್ ಎಂದು ನೀಲಿ ಉರಿ ಉಗುಳುವ ಇನ್ನೊಂದನ್ನು ತಂದೆ. ಅದು ಮನೆಯಲ್ಲಿ ಪೌರುಷ ತೋರಿಸಿ ಹೊಳೆಗೆ ಬಂದಾಗ ಕೈಕೊಡುತ್ತಿತ್ತು.

ಕೊನೆಗೆ ಮಹಾಲಿಂಗಪುರದ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಮುಚ್ಚಳವಿರುವ ಉಕ್ಕಿನ ಲೈಟರ್ ಸಿಕ್ಕಿತು. ಒಳಗೆ ಹತ್ತಿ, ಹತ್ತಿಗೆ ಪೆಟ್ರೋಲು, ಮೇಲೊಂದು ಬತ್ತಿ, ಗಾಳಿ ತಡೆಯಲು ಬತ್ತಿಯ ಸುತ್ತ ತೂತಿನ ತಗಡು. ಅಂಗಡಿಯವನು ನನ್ನ ಜುಟ್ಟನ್ನೂ ಲೈಟರನ್ನೂ ಒಮ್ಮೆ ನೋಡಿ ಚಿಲ್ಲರೆ ಎಣಿಸಿಕೊಟ್ಟ. ಪೆಟ್ರೋಲು ತಾನಾಗಿ ಆವಿಯಾಗಿ ಹೋಗುತ್ತದೆ, ಹಾಗಾಗಿ ಕಾರ್ಯದ ಹಿಂದಿನ ಸಂಜೆಯೇ ತುಂಬಬೇಕು. ಕಿಡಿಯ ಕಲ್ಲು ಸವೆದರೆ ಬೇರೆ ಹಾಕಬೇಕು. ಇಷ್ಟು ಸೇವೆ ಮಾಡಿಸಿಕೊಂಡ ಮೇಲೆ ಅದು ಒಮ್ಮೆಯೂ ತಕರಾರು ಮಾಡಲಿಲ್ಲ. ಅದನ್ನು ನಂಬಿ ನಾನು ಕಡ್ಡಿಪೆಟ್ಟಿಗೆ ಒಯ್ಯುವುದನ್ನೇ ಬಿಟ್ಟೆ.

ಕೆಲವು ವರ್ಷಗಳ ಹಿಂದೆ, ಒಂದು ಬೇಸಿಗೆಯಲ್ಲಿ, ವತ್ಸಲಾಳ ತಾಯಿ ತೀರಿಕೊಂಡರು. ವತ್ಸಲಾ ನಮ್ಮೂರಿನಲ್ಲೇ ಶಾಲೆಯ ಶಿಕ್ಷಕಿ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವಳು ಅವಳೇ. ಅಣ್ಣ ರಘುನಾಥ ವಿಜಯಪುರದಲ್ಲಿ ನೌಕರಿಯಲ್ಲಿದ್ದ. ಇಬ್ಬರನ್ನೂ ಚಿಕ್ಕಂದಿನಿಂದ ಬಲ್ಲೆ. ನಮ್ಮಲ್ಲಿ ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರುವುದಿಲ್ಲ, ಆದ್ದರಿಂದ ದಹನದ ದಿನ ಅವಳು ಮನೆಯಲ್ಲೇ ಉಳಿದಿದ್ದಳು. ಹತ್ತನೆಯ ದಿನ ಗಲಗಲಿಗೆ ತಾನೂ ಬರುತ್ತೇನೆಂದು ಕಾರು ಹತ್ತಿದಳು.

ಆ ವಾರ ನನಗೆ ಒಂದರ ಹಿಂದೊಂದು ಕಾರ್ಯ. ಕಾರಿನಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ವತ್ಸಲಾ ಹಿಂದಿನಿಂದ ಮೆಲ್ಲಗೆ ಮಾತು ತೆಗೆದಳು. ಒಳಕೋಣೆಯಲ್ಲಿ ಮಲಗಿದ್ದ ತಾಯಿ ದಿನಾ ಸಂಜೆ, ದೇವರ ದೀಪ ಹಚ್ಚಿದೆಯಾ ಎಂದು ಕೇಳುತ್ತಿದ್ದರಂತೆ. ಹಚ್ಚೇನಿ ಆಯಿ ಎಂದು ಇವಳು ಕೂಗಿ ಹೇಳಿದ ಮೇಲೆಯೇ ಗಂಜಿ ಕುಡಿಯುತ್ತಿದ್ದರಂತೆ.

"ಆಚಾರ್ಯರ, ಕಡೀ ಬೆಂಕಿ ಹಚ್ಚೂದು ನನಗ ಸಿಗಲಿಲ್ರಿ," ಎಂದಳು. "ಇವತ್ತ ಒಲಿಯರೆ ನಾ ಹಚ್ಚಲೇನ್ರಿ?"

ಮಗನಿರುವಾಗ ಹಾಗೆ ಬರುವುದಿಲ್ಲ ಎಂದೆ. ಎಷ್ಟೋ ಜನಕ್ಕೆ ಹೇಳಿದ ಮಾತು, ಕಣ್ಣು ತೆರೆಯದೆಯೇ ಹೇಳಿದೆ. ರಘುನಾಥ ಕಿಟಕಿಯ ಹೊರಗೆ ನೋಡುತ್ತಿದ್ದ.

ದಂಡೆಯಲ್ಲಿ ಬಿಸಿಗಾಳಿ ಬೀಸುತ್ತಿತ್ತು. ಕಲ್ಲು ಹೂಡಿ, ಕುಳ್ಳಿನ ಮೇಲೆ ಕರ್ಪೂರವಿಟ್ಟು ಲೈಟರ್ ತೆಗೆದೆ. ಹೊತ್ತಲಿಲ್ಲ. ಗಾಳಿಗೆ ಬೆನ್ನು ಮಾಡಿ ಕೂತೆ, ಧೋತರ ಮರೆ ಮಾಡಿದೆ, ಚಕ್ರ ತಿರುಗಿಸಿ ತಿರುಗಿಸಿ ಹೆಬ್ಬೆರಳಿನ ಚರ್ಮ ಕಿತ್ತುಬಂತು. ಒಂದೆರಡು ಬಡ ಕಿಡಿ ಬಿದ್ದವೇ ಹೊರತು ಬತ್ತಿ ಹಿಡಿಯಲಿಲ್ಲ. ರಘುನಾಥನ ಕೈಗೆ ಕೊಟ್ಟೆ, ಅವನಿಗೂ ಆಗಲಿಲ್ಲ. ಚಾಲಕನ ಪ್ಲಾಸ್ಟಿಕ್ ಲೈಟರ್ ಆ ಗಾಳಿಗೆ ಒಂದು ಕ್ಷಣವೂ ನಿಲ್ಲಲಿಲ್ಲ. ಊರೊಳಗಿಂದ ಕಡ್ಡಿಪೆಟ್ಟಿಗೆ ತರುತ್ತೇನೆಂದು ಅವನು ಕಾರು ತೆಗೆದುಕೊಂಡು ಹೋದ. ಬಿಸಿಲು ಏರುತ್ತಿತ್ತು, ಎಲ್ಲರದ್ದೂ ಖಾಲಿ ಹೊಟ್ಟೆ. ನನಗೆ ಅಳು ಬರುವಷ್ಟು ದಣಿವಾಗಿತ್ತು.

ದೂರ ಕಲ್ಲಿನ ಮೇಲೆ ಕೂತಿದ್ದ ವತ್ಸಲಾ ಎದ್ದು ಬಂದು ಕೈ ಚಾಚಿದಳು. ನಾನು ರಘುನಾಥನ ಮುಖ ನೋಡಿದೆ.

"ಕೊಡ್ರಿ ಆಕಿಗೆ," ಎಂದ ಅವನು.

ಕೊಟ್ಟೆ. ಶಾಸ್ತ್ರ ಬಿಟ್ಟುಕೊಟ್ಟೆ ಎಂದೇನೂ ಅಲ್ಲ, ಹೆಬ್ಬೆರಳಿಗೆ ವಿಶ್ರಾಂತಿ ಬೇಕಿತ್ತು. ಅವಳು ಗಾಳಿಗೆ ಮರೆ ಕೂಡ ಹಿಡಿಯಲಿಲ್ಲ. ಮುಚ್ಚಳ ತೆರೆದು ಒಮ್ಮೆ ತಿರುಗಿಸಿದಳು, ಹೊತ್ತಿತು. ಅವಳ ಸೆರಗು ಪಟಪಟ ಹಾರುತ್ತಿತ್ತು, ಉರಿ ಮಾತ್ರ ಬಾಗದೆ ನಿಂತಿತ್ತು. ಬಗ್ಗಿ ಕರ್ಪೂರಕ್ಕೆ ಹಿಡಿದಳು. ಕುಳ್ಳು ಹೊಗೆಯಾಡಿ ಉರಿ ಎದ್ದ ಮೇಲೆ ಹೊಳೆಯ ಕಡೆ ನೋಡಿ, ಒಳಕೋಣೆಗೆ ಕೇಳಿಸುವ ಹಾಗೆ ಹೇಳಿದಳು.

"ಹಚ್ಚೇನಿ ಆಯಿ."

ರಘುನಾಥ ಪಂಚೆಯಿಂದ ಕಣ್ಣು ಒರೆಸಿಕೊಂಡ. ಕಾರ್ಯ ಮುಗಿಯಿತು. ಕಾಗೆ ಬಂದು ಪಿಂಡ ಮುಟ್ಟಿತು. ಅದರಲ್ಲಿ ವಿಶೇಷವಿಲ್ಲ, ಗಲಗಲಿಯ ಕಾಗೆಗಳಿಗೆ ಸದಾ ಹಸಿವು. ನಿಜ ಹೇಳುತ್ತೇನೆ, ಆಗ ನನಗೆ ಯಾವುದೂ ವಿಚಿತ್ರ ಅನ್ನಿಸಲಿಲ್ಲ. ಹೊತ್ತಿತಲ್ಲ, ಇನ್ನು ಮನೆಗೆ ಹೋಗಿ ಬಿದ್ದುಕೊಳ್ಳಬಹುದು ಎಂದುಕೊಂಡೆ.

ಮನೆಯಲ್ಲಿ ಹೆಂಡತಿಯ ಮುಂದೆ ಲೈಟರಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಅವಳ ಮುಖ ಸಪ್ಪಗಾಯಿತು.

"ಮುಂಜಾನೆ ನಾ ಅದನ್ನೂ ತೊಳದೇನಿ," ಎಂದಳು. "ನಿನ್ನಿ ಸ್ಮಶಾನಕ್ಕ ಹೋಗಿ ಬಂದದ್ದು ಹಂಗ ಹೆಂಗ ಇಡೂದು? ಪಂಚಪಾತ್ರಿ ಜೋಡಿ ಬಕೀಟಿನಾಗ ಹಾಕಿದ್ದೆ."

ಸ್ಮಶಾನದಿಂದ ಬಂದ ವಸ್ತುವಿಗೆ ನೀರು ಮುಟ್ಟಿಸುವುದು ನಮ್ಮ ಪದ್ಧತಿ. ಲೈಟರಿಗೆ ನಾನು ದೂರದಿಂದ ನಾಲ್ಕು ಹನಿ ಚಿಮುಕಿಸಿ ಸುಮ್ಮನಾಗುತ್ತಿದ್ದೆ. ಅವಳು ಪೂರ್ತಿ ಮುಳುಗಿಸಿ, ಮೇಲೆ ಒರೆಸಿ, ಚೀಲದಲ್ಲಿಟ್ಟಿದ್ದಳು. ಅಲ್ಲೇ ಬಿಚ್ಚಿ ಹತ್ತಿ ಎಳೆದೆ. ಹಿಂಡಿದಾಗ ನೀರು ಮೊಣಕೈಯವರೆಗೆ ಇಳಿಯಿತು. ಬತ್ತಿ ತೊಯ್ದು ಮುದ್ದೆಯಾಗಿತ್ತು.

ನನ್ನ ಕೈಯಲ್ಲಿ ಯಾಕೆ ಹೊತ್ತಲಿಲ್ಲ ಎಂಬುದಕ್ಕೆ ಕಾರಣ ಸಿಕ್ಕಿತು. ವತ್ಸಲಾಳ ಕೈಯಲ್ಲಿ ಹೊತ್ತಿದ್ದಕ್ಕೆ ಸಿಗಲಿಲ್ಲ. ಬಿಸಿಲಿಗೆ ಬತ್ತಿಯ ತುದಿ ಒಣಗಿರಬೇಕು ಎಂದಳು ಹೆಂಡತಿ. ಇರಬಹುದು ಎಂದು ನಾನೂ ಅಂದೆ. ಆಮೇಲೊಂದು ದಿನ ಬೇಕೆಂದೇ ನೀರಲ್ಲಿ ಮುಳುಗಿಸಿ, ಅಷ್ಟೇ ಹೊತ್ತು ಬಿಸಿಲಲ್ಲಿಟ್ಟು ನೋಡಿದೆ. ಹೊತ್ತಲಿಲ್ಲ. ಪೂರ್ತಿ ಒಣಗಿಸಿ ಪೆಟ್ರೋಲು ತುಂಬಿದ ಮೇಲೆ ಎಂದಿನ ಹಾಗೆ ಹೊತ್ತಿತು. ಇವತ್ತಿಗೂ ಅದು ನನ್ನ ಚೀಲದಲ್ಲಿದೆ.

ವರ್ಷಾಂತಿಕದ ದಿನ ವತ್ಸಲಾ ಕೇಳುವ ಮೊದಲೇ ಲೈಟರನ್ನು ಅವಳ ಕೈಗೆ ಕೊಟ್ಟೆ. ಯಾವ ಶಾಸ್ತ್ರದ ಆಧಾರ ಎಂದು ನೀವು ಕೇಳಬೇಡಿ. ಒಲೆ ಹಚ್ಚಿ, ಮುಚ್ಚಳ ಮುಚ್ಚಿ ವಾಪಸು ಕೊಡುತ್ತಾ ಅವಳು, "ಭಾಳ ಛಲೋ ಅದರಿ ಇದು. ಎಲ್ಲೆ ತೊಗೊಂಡ್ರಿ?" ಎಂದಳು.

ಮಹಾಲಿಂಗಪುರದ ಬಸ್ ನಿಲ್ದಾಣದ ಎದುರಿನ ಅಂಗಡಿ ಎಂದು ಹೇಳಿದೆ. ಆವತ್ತು ಅದರೊಳಗೆ ನೀರು ತುಂಬಿತ್ತು ಎಂಬುದನ್ನು ಇನ್ನೂ ಹೇಳಿಲ್ಲ. ಹೇಳಿದರೆ, ಹಾಗಾದರೆ ಹೊತ್ತಿದ್ದು ಹೇಗೆ ಎಂದು ಅವಳು ನನ್ನನ್ನೇ ಕೇಳುತ್ತಾಳೆ.