ಶಾಂತಾದೇವಿಯ ರಕ್ತ

ಶಾಂತಾದೇವಿ ಏಕಾಂತಯ್ಯನವರ ಕೈ ಹಿಡಿದು ತಿಪಟೂರಿನಿಂದ ಜಯನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗಂಡನದು ಬಟ್ಟೆ ಅಂಗಡಿ. ಮನೆಯಲ್ಲಿ ಅತ್ತೆಯದೇ ಮಾತು. ಮೊದಲ ಹೆರಿಗೆ ಸಲೀಸಾಗಿ ಆಯಿತು. ಹೆಣ್ಣುಮಗು ಸರಸ್ವತಿ ದುಂಡುದುಂಡಗೆ ಬೆಳೆಯಿತು.

ಎರಡನೆಯದು ಗಂಡು. ಹುಟ್ಟಿದ ದಿನವೇ ಮೈಯೆಲ್ಲ ಅರಿಶಿನ ಬಳಿದ ಹಾಗಾಯಿತು, ಹಾಲು ಬಿಟ್ಟಿತು, ಲಿಂಗ ಕಟ್ಟುವ ಶಾಸ್ತ್ರಕ್ಕೂ ಕಾಯದೆ ಹೋಯಿತು. ಮೂರನೆಯದೂ ಹಾಗೆಯೇ. ಅತ್ತೆ ಒಮ್ಮೆ ದೃಷ್ಟಿ ಎಂದರು, ಇನ್ನೊಮ್ಮೆ ಸೊಸೆ ಬಸುರಿನಲ್ಲಿ ಪರಂಗಿ ಹಣ್ಣು ತಿಂದಿರಬೇಕು ಎಂದರು. ಶಾಂತಾದೇವಿ ತಾನು ತಿಂದದ್ದು, ಎತ್ತಿದ್ದು, ನಡೆದದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದಳು, ತಪ್ಪು ಸಿಗಲಿಲ್ಲ.

೧೯೬೧ರಲ್ಲಿ ಮತ್ತೆ ನೀರು ನಿಂತಿತು. ಹೆರಿಗೆ ಆಸ್ಪತ್ರೆಯ ಡಾಕ್ಟರ್ ಉಮಾಮಹೇಶ್ವರಿ ಹಿಂದಿನದನ್ನೆಲ್ಲ ಕೇಳಿ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದರು.

"ನಿಮ್ಮ ಯಜಮಾನರ ರಕ್ತದಲ್ಲಿ ಒಂದು ಅಂಶ ಇದೆ ಕಣಮ್ಮ, ಆರ್‌ಎಚ್ ಅಂತ. ನಿಮ್ಮದರಲ್ಲಿ ಇಲ್ಲ. ಮೊದಲನೇ ಮಗೂಗೆ ಅದು ಅಪ್ಪನಿಂದ ಬಂತು. ಹೆರಿಗೇಲಿ ಮಗು ರಕ್ತ ಸ್ವಲ್ಪ ನಿಮ್ಮ ರಕ್ತಕ್ಕೆ ಸೇರ್ತು. ನಿಮ್ಮ ಮೈ ಅದನ್ನ ಹೊರಗಿನದು ಅಂತ ತಿಳ್ಕೊಂಡು ಎದುರಿಸೋಕೆ ಒಂದು ವಸ್ತು ತಯಾರು ಮಾಡ್ತು. ಅಷ್ಟೊತ್ತಿಗೆ ಮಗು ಆಚೆ ಬಂದಾಗಿತ್ತು, ಉಳೀತು. ಆದ್ರೆ ಮೈ ಮರೆಯಲ್ಲ. ಮುಂದಿನ ಮಕ್ಕಳಲ್ಲೂ ಅದೇ ಅಂಶ ಕಂಡಾಗ ಆ ವಸ್ತು ಬೇಗ ಹುಟ್ಟಿ, ಮಗು ಒಳಗಿಳಿದು, ಅದರ ರಕ್ತಾನ ಒಡೆದುಹಾಕ್ತು."

"ಅಂದ್ರೆ ನಾನೇ ಕೊಂದ ಹಾಗಾಯ್ತಲ್ಲ ಡಾಕ್ಟ್ರೇ?"

"ಚಿಕ್ಕೋರಿದ್ದಾಗ ದಡಾರ ಬಂದಿತ್ತಾ?"

"ಬಂದಿತ್ತು."

"ಮತ್ತೆ ಬಂತಾ? ಇಲ್ಲ ಅಲ್ವಾ? ತಡೆದದ್ದು ಇದೇ ಶಕ್ತಿ. ರೋಗ ಯಾವುದು, ಮಗು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ."

ಮನೆಗೆ ಬಂದು ಅತ್ತೆಗೆ ತಿಳಿದಷ್ಟು ಹೇಳಿದಳು. ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದರು: "ಹಂಗಾದ್ರೆ ಮಗು ನಮ್ಮ ಕಡೆ ಹೋಲಿದ್ರೆ ಉಳಿಯಲ್ಲ ಅಂತಾಯ್ತು?" ಪರಂಗಿ ಹಣ್ಣಿನ ಮಾತು ಮಾತ್ರ ಅಲ್ಲಿಗೆ ನಿಂತಿತು.

ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಹೊಂದುವ ರಕ್ತದ ಬಾಟಲಿ ತಂದಿಟ್ಟಿದ್ದರು. ಅಪ್ಪನ ಅಂಶ ಬಂದಿದ್ದರೆ ಮಗುವಿನ ಕೆಟ್ಟ ರಕ್ತವನ್ನು ಸ್ವಲ್ಪಸ್ವಲ್ಪವೇ ತೆಗೆದು ಹೊಸದನ್ನು ತುಂಬಬೇಕೆಂದು ಡಾಕ್ಟರ್ ಮೊದಲೇ ಹೇಳಿದ್ದರು. ಗಂಡುಮಗು ಹುಟ್ಟಿತು. ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಒಯ್ದರು. ಶಾಂತಾದೇವಿ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿನ ಬಿಳಿಯನ್ನೇ ನೋಡುತ್ತ ಕುಳಿತಳು.

ಉಮಾಮಹೇಶ್ವರಿ ನಗುತ್ತ ಬಂದರು. "ನಿಮ್ಮ ರಕ್ತಾನೇ ಬಂದಿದೆ ಕಣಮ್ಮ. ಬಾಟಲಿ ಬೇಕಾಗಿಲ್ಲ."

ಎರಡು ಸಲ ಬೇಡಿಯೂ ಸಿಗದದ್ದು ಈಗ ಸುಮ್ಮನೆ ಸಿಕ್ಕಿತ್ತು. ಅವಳಿಗೆ ಖುಷಿಗಿಂತ ಸುಸ್ತೇ ಹೆಚ್ಚಾಯಿತು. ಮಗುವನ್ನು ಪಕ್ಕಕ್ಕೆ ಹಾಕಿಕೊಂಡು ನಿದ್ದೆ ಹೋದಳು.

ಮುಂದಿನ ಮಗುವಿಗೆ ಅಪ್ಪನ ಅಂಶ ಬರಬಹುದು, ಬಾರದಿರಬಹುದು ಎಂದು ಡಾಕ್ಟರ್ ಎಚ್ಚರಿಸಿದ್ದರು. "ಒಂದೇ ಗಂಡು ಸಾಕಾ?" ಎಂದು ಅತ್ತೆ ಗೊಣಗಿದರು. ಶಾಂತಾದೇವಿ ಗಂಡನನ್ನು ಕರೆದು, "ಇನ್ನು ನನ್ನಿಂದ ಆಗಲ್ಲ ಕಣ್ರೀ, ಆಪರೇಷನ್ ಮಾಡಿಸ್ಕೋತೀನಿ" ಎಂದಳು. ಏಕಾಂತಯ್ಯ ಹೂಂ ಎಂದರು.

ಅತ್ತೆ ಆ ವಾರವೆಲ್ಲ ಮಾತು ಬಿಟ್ಟರು. ಆದರೆ ಮೆಣಸಿನ ಸಾರು, ಅನ್ನದ ಕ್ಯಾರಿಯರ್ ಆಸ್ಪತ್ರೆಗೆ ಹೊತ್ತುಹೊತ್ತಿಗೆ ಬಂತು.