ಪೇಟಿಯೊಳಗಿನ ಮೂಕ ಮನಿ

ನಮ್ಮ ನಡುಮನೆಯಲ್ಲಿ, ಟೀವಿಯ ಪಕ್ಕದ ಕಟ್ಟಿಗೆಯ ಪೆಟ್ಟಿಗೆಯ ಮೇಲೆ, ಹಳೆಯ ದುಪ್ಪಟಿ ಹೊದ್ದುಕೊಂಡು ಒಂದು ಹಾರ್ಮೋನಿಯಂ ಇತ್ತೀಚಿನವರೆಗೂ ಕೂತಿರುತ್ತಿತ್ತು. ಬಂದವರು ಕುಶಲ ಕೇಳುವ ಮೊದಲೇ "ಇದನ್ನ ಯಾರು ಬಾರಿಸ್ತಾರ್ರಿ?" ಎನ್ನುತ್ತಿದ್ದರು, ನಾನು "ಯಾರೂ ಇಲ್ರಿ" ಎಂದು ಹೇಳಿ ದುಪ್ಪಟಿಯ ಅಂಚನ್ನು ಇನ್ನಷ್ಟು ಕೆಳಗೆಳೆಯುತ್ತಿದ್ದೆ, ಏಕೆಂದರೆ ಹಳೆಯ ಸಾಮಾನನ್ನು ಕಣ್ಣಿಟ್ಟು ನೋಡಿದವರು ಮರುವಾರ ಅದನ್ನು ಕೊಳ್ಳುವ ಒಬ್ಬನನ್ನು ಜೊತೆಗೇ ಕರೆತರುತ್ತಾರೆ.

ಹೌದು, ನಾನು ಸಂಶಯದ ಹೆಂಗಸು. ಇದನ್ನು ನೀವು ಬಳ್ಳಾರಿಯಲ್ಲಿ ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು. ಹಾಲಿನವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುತ್ತೇನೆ. ಚೀಲದ ಮೇಲೆ ಸಿರುಗುಪ್ಪದ ಹಳೇ ಅಕ್ಕಿ ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ ಒಂದು ಮುಷ್ಟಿಯನ್ನು ಮೂಗಿಗೆ ಹಿಡಿಯದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು, ಉತ್ತರಪತ್ರಿಕೆ ತಿದ್ದುವಾಗ ಕೈಗೆ ಹತ್ತಿದ ಒಂದು ವಿದ್ಯೆ ಇವತ್ತಿಗೂ ಬಿಟ್ಟಿಲ್ಲ. ಸರಿಯುತ್ತರ ಎಲ್ಲರ ಹಾಳೆಯಲ್ಲೂ ಒಂದೇ ಇರುತ್ತದೆ, ಅದರಿಂದ ಯಾರನ್ನೂ ಹಿಡಿಯಲಾಗದು. ಆದರೆ ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ದರೆ ಒಬ್ಬನ ಕಣ್ಣು ಇನ್ನೊಬ್ಬನ ಹಾಳೆಯ ಮೇಲಿತ್ತೆಂದೇ ಲೆಕ್ಕ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೇಟಿ, ಅಂದರೆ ಆ ಹಾರ್ಮೋನಿಯಂ, ನಮ್ಮಪ್ಪನದು. ಕುರುಗೋಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಸುತ್ತಲ ಊರುಗಳ ನಾಟಕಗಳಿಗೆ ಹಾಡು ಕೂಡಿಸಿ, ಪಾತ್ರದವರಿಗೆ ಬಾಯಿಪಾಠ ಮಾಡಿಸಿ, ರಂಗದ ಬದಿಗೆ ಕೂತು ಹಾರ್ಮೋನಿಯಂ ಬಾರಿಸುತ್ತಿದ್ದ ಅವನು ಎಲ್ಲರಿಗೂ ಪೇಟಿ ಮಾಸ್ತರ. ಪೇಟಿಯ ಮೇಲೆ ಬೆರಳಿಟ್ಟು ಒತ್ತುವ ಪಟ್ಟಿಗಳಿಗೆ ನಮ್ಮಲ್ಲಿ ಮನಿ ಎನ್ನುತ್ತಾರೆ, ಬಿಳಿ ಮನಿ, ಕರಿ ಮನಿ. ನಾವು ವಾಸಿಸುವ ಮನೆಯೂ ನಮ್ಮ ಬಾಯಲ್ಲಿ ಮನಿಯೇ ಆದದ್ದರಿಂದ, ಚಿಕ್ಕವಳಿದ್ದಾಗ ಪ್ರತಿಯೊಂದು ಪಟ್ಟಿಯ ಕೆಳಗೂ ಒಂದು ಸಂಸಾರವಿದೆ, ಬೆರಳಿನಿಂದ ಬಾಗಿಲು ಬಡಿದರೆ ಒಳಗಿನವರು ಓಗೊಡುತ್ತಾರೆ ಎಂದೇ ನಾನು ನಂಬಿದ್ದೆ. ನಡುವಿನ ಒಂದು ಬಿಳಿ ಮನಿ ಮಾತ್ರ ಎಷ್ಟು ಒತ್ತಿದರೂ ತುಟಿ ಬಿಚ್ಚುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅಪ್ಪ, "ಒಳಗಿನೋರು ಊರಿಗೆ ಹೋಗ್ಯಾರವ್ವಾ" ಎನ್ನುತ್ತಿದ್ದ, ನಾನು ಅವರು ಯಾವಾಗ ಬರುತ್ತಾರೆಂದು ಕಾಯುತ್ತಿದ್ದೆ.

ಅಪ್ಪ ಕಟ್ಟಿದ ಮಟ್ಟುಗಳಲ್ಲಿ ಒಂದನ್ನು ನಾವು ಮನೆಯಲ್ಲಿ ಬಾಗಿಲ ಹಾಡು ಎನ್ನುತ್ತಿದ್ದೆವು. ಹೊಸ್ತಿಲಲ್ಲಿ ನಿಂತು ಗಂಡನ ದಾರಿ ಕಾಯುವ ಹೆಣ್ಣಿನ ಪಾತ್ರಕ್ಕೆಂದು ಅವನು ಕೂಡಿಸಿದ್ದು. ಮೇಲೇರುತ್ತ ಬಂದ ಆ ಹಾಡು ಮೂಕ ಮನಿಯ ಎದುರಿಗೆ ಬಂದಾಗ ಒಂದು ಉಸಿರಿನಷ್ಟು ತಡೆದು, ಅದನ್ನು ದಾಟಿ ಮುಂದಿನ ಮನಿಗೆ ಹೋಗುತ್ತಿತ್ತು. ರೊಟ್ಟಿ ಬಡಿಯುತ್ತ ಅದನ್ನೇ ಗುನುಗುವ ಅವ್ವ ಕೂಡ ಅಲ್ಲಿಗೆ ಬಂದಾಗ ಬಾಯಿ ಮುಚ್ಚಿ ಕೈಯನ್ನೂ ಎತ್ತಿಬಿಡುತ್ತಿದ್ದಳು. ನಾಟಕದ ಆಟ ನೋಡಲು ಹೆಣ್ಣುಮಕ್ಕಳನ್ನು ಅಪ್ಪ ಕರೆದೊಯ್ದವನಲ್ಲ, ಹಾಗಾಗಿ ಆ ಹಾಡು ಇರುವುದೇ ಹಾಗೆ ಎಂದು ನಾನು ತಿಳಿದಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವನದೆಂದು ಉಳಿದದ್ದು ಈ ಪೇಟಿ ಮತ್ತು ಆ ಹಾಡು, ಎರಡೇ.

ಆ ಪೇಟಿಯ ಮುಂದೆ ಕೂತು ಕಲಿತವರಲ್ಲಿ ಸಿರುಗುಪ್ಪದ ಈರೇಶಿಯೂ ಒಬ್ಬ. ಕಾಲೇಜಿಗೆ ಚಕ್ಕರ್ ಹೊಡೆದು ಕುರುಗೋಡಿಗೆ ಬಸ್ಸು ಹತ್ತಿ ಬರುತ್ತಿದ್ದ, ನನ್ನನ್ನು ಅಕ್ಕಾ ಎನ್ನುತ್ತಿದ್ದ, ಅವ್ವ ಕೊಟ್ಟ ರೊಟ್ಟಿ ಪುಂಡಿಪಲ್ಯವನ್ನು ಬೇಡವೆಂದು ಒಂದು ಸಲವೂ ಅಂದದ್ದಿಲ್ಲ. ಇವತ್ತು ಸಿನಿಮಾ ಪೋಸ್ಟರುಗಳಲ್ಲಿ ಸಂಗೀತ ಎಂಬುದರ ಮುಂದೆ ಬರೀ ‘ಈರಾ’ ಎಂದು ಎರಡಕ್ಷರ ಕಂಡರೆ ಅದು ಇವನೇ. ಇನ್ನುಳಿದ ಅಕ್ಷರಗಳು ಎಲ್ಲಿಗೆ ಹೋದವೆಂದು ನನಗೆ ಮೊದಲಿನಿಂದಲೂ ಅನುಮಾನ. ಇಲ್ಲಿಂದ ಅಲ್ಲಿಗೆ ಅವನು ನಡೆದ ದಾರಿ ಸಣ್ಣದೇನಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ: ಕೌಲ್ ಬಜಾರಿನ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದಿದ, ಮೊಹರಮ್ಮಿನಲ್ಲಿ ಹಲಗೆ ಬಾರಿಸುವವರ ಬೆನ್ನು ಹತ್ತಿ ಊರೂರು ತಿರುಗಿದ, ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿಗೆ ಕೂತ, ಹೈದರಾಬಾದಿಗೆ ಹೋಗಿ ಇನ್ನೊಬ್ಬರ ಹಾಡುಗಳಿಗೆ ಗಿಟಾರು, ಮ್ಯಾಂಡೊಲಿನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿ, ಕೊನೆಗೆ ಕನ್ನಡಕ್ಕೂ ತೆಲುಗಿಗೂ ತಾನೇ ಹಾಡು ಕಟ್ಟುವವನಾದ. ಇವನ ಹಾಡಿನಲ್ಲಿ ಹಲಗೆಯ ಬೆನ್ನಿಗೆ ಸ್ಯಾಕ್ಸೊಫೋನು ಬರುತ್ತದೆ, ಭಜನೆಯ ತಾಳದೊಳಗೆ ಕವ್ವಾಲಿಯ ಚಪ್ಪಾಳೆ ನುಗ್ಗುತ್ತದೆ, ಇದ್ದಕ್ಕಿದ್ದಂತೆ ಕಣದಲ್ಲಿ ರಾಶಿ ಮಾಡುವಾಗಿನ ಹಂತಿ ಹಾಡಿನ ಎಳೆಯೊಂದು ಎದ್ದು ಗಿಟಾರಿನ ಹೆಗಲ ಮೇಲೆ ಕೈ ಹಾಕುತ್ತದೆ.

ಪತ್ರಿಕೆಯವರು ಇದನ್ನು ಬೆಸುಗೆ ಎಂದರು, ಸಂಗಮ ಎಂದರು. ನನ್ನ ನಾಲಗೆಗೆ ಮೊದಲು ಬಂದ ಮಾತು ಬೆರಕೆ. ನಮ್ಮ ಕನ್ನಡವೂ ಎಂಥ ಚಾಣಾಕ್ಷ ಭಾಷೆ ನೋಡಿ: ಬೆರೆತರು ಎಂದರೆ ಮನಸ್ಸು ಹಿಗ್ಗುತ್ತದೆ, ಬೆರೆಸಿದರು ಎಂದರೆ ಅಂಗಡಿಯವನ ತಕ್ಕಡಿಯತ್ತ ಕಣ್ಣು ಹೋಗುತ್ತದೆ, ಅದಕ್ಕೊಂದು ‘ಕಲ’ ಅಂಟಿ ಕಲಬೆರಕೆಯಾಯಿತೆಂದರೆ ಪೊಲೀಸರೇ ಬರಬೇಕು. ಬಳ್ಳಾರಿಯವಳಾಗಿ ನಾನು ಬೆರಕೆಗೆ ಮೂಗು ಮುರಿಯುವುದು ತಮಾಷೆಯೇ ಸರಿ, ಕಾಯಿಪಲ್ಯದವಳ ಜೊತೆ ಕನ್ನಡದಲ್ಲಿ ಎತ್ತಿದ ಚೌಕಾಸಿ ತೆಲುಗಿನಲ್ಲಿ ಬೆಳೆದು ಉರ್ದುವಿನಲ್ಲಿ ಮುಗಿಯುವ ಊರು ನಮ್ಮದು. ನನ್ನ ತಕರಾರು ಬೇರೆಯದು. ಇಷ್ಟೆಲ್ಲ ಕಡೆಯದನ್ನು ತಂದು ಒಂದೇ ಪಾತ್ರೆಯಲ್ಲಿ ಕಲಸಿದ ಮೇಲೆ, ಯಾವುದು ಯಾರ ಮನೆಯಿಂದ ಬಂತೆಂದು ಕೇಳುವವರು ಯಾರು, ಹೇಳುವವರು ಯಾರು?

ಹಾಗಿರಲು ಹೋದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆ ಒಕ್ಕಲಿಗೆಂದು ಸಿರುಗುಪ್ಪದ ಬಸ್ಸು ಹತ್ತಿದ್ದೆ. ಕಿಟಕಿಯಾಚೆ ಭತ್ತದ ಗದ್ದೆ, ಮುಂದಿನ ಸೀಟಿನ ಹುಡುಗಿಯ ಫೋನಿನಲ್ಲಿ ಈರೇಶಿಯ ಹೊಸ ಸಿನಿಮಾದ ಹಾಡು. ಪಿಟೀಲುಗಳ ದೊಡ್ಡ ಹಿಂಡು, ಕೆಳಗೆ ಸಣ್ಣಗೆ ಹಲಗೆ, ನಾನು ಅರ್ಧ ನಿದ್ದೆಯಲ್ಲಿದ್ದೆ. ಪಿಟೀಲುಗಳು ಮೇಲೇರುತ್ತ ಏರುತ್ತ ಬಂದು, ಒಂದು ಜಾಗದಲ್ಲಿ ಒಮ್ಮೆಲೇ ಎಲ್ಲವೂ ಬಾಯಿ ಮುಚ್ಚಿ, ಒಂದು ಉಸಿರು ತಡೆದು, ಮುಂದಿನ ಸ್ವರಕ್ಕೆ ಹೋದವು. ನನ್ನ ನಿದ್ದೆ ಹಾರಿಹೋಯಿತು. ರಾಗ ಒಂದೇ ಇರಬಹುದು, ಏರಿಕೆ ಒಂದೇ ಇರಬಹುದು. ಆದರೆ ಕುರುಗೋಡಿನ ಒಂದು ಮುರುಕು ಪೇಟಿಯ ಮೂಕ ಮನಿ ಹೈದರಾಬಾದಿನ ಪಿಟೀಲುಗಳೊಳಗೆ ಹೇಗೆ ಬಂತು? ಅದೇ ಜಾಗ, ಅದೇ ತಪ್ಪು. "ಸಿಕ್ಕಿದೆಲ್ಲೋ ಮಗನಾ!" ಎಂದು ಬಸ್ಸಿನಲ್ಲೇ ಅಂದೆನಂತೆ, ಕಂಡಕ್ಟರು ತಿರುಗಿ ನೋಡಿದ.

ಹಾಡಿಗೆ ಯಾರ ಹೆಸರಿದೆಯೆಂದು ಆ ಹುಡುಗಿಯಿಂದಲೇ ಫೋನು ಇಸಿದುಕೊಂಡು ನೋಡಿದೆ. ಸಂಗೀತ, ಈರಾ. ಅಪ್ಪನ ಹೆಸರು ಎಲ್ಲಿಯೂ ಇಲ್ಲ. ಅವತ್ತು ನಾನು ಹೋಳಿಗೆಯನ್ನು ಸಿಟ್ಟಿನಿಂದಲೇ ತಿಂದೆ.

ಆಮೇಲೆ ಊರಿನ ಅಭಿಮಾನಿಗಳು ಬಳ್ಳಾರಿಯಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡರು. ಎಲ್ಲರ ಎದುರಿಗೆ ಎದ್ದು ನಿಂತು, ಅಪ್ಪನ ಪೇಟಿಯ ಮೇಲೆಯೇ ಆ ಹಾಡನ್ನು ನುಡಿಸಿ, ಇದು ಯಾರದು ಹೇಳು ಎಂದು ಕೇಳಿಬಿಡುವುದೆಂದು ನಿಶ್ಚಯಿಸಿದೆ. ಅದಕ್ಕಾಗಿ ಪೇಟಿಯನ್ನು ಆಟೋದಲ್ಲಿಟ್ಟುಕೊಂಡು ಕೌಲ್ ಬಜಾರಿನ ಸಲೀಂ ಭಾಯಿಯ ರಿಪೇರಿ ಅಂಗಡಿಗೆ ಹೋದೆ. ತಿದಿ ಗಾಳಿ ಬಿಡುತ್ತಿತ್ತು. ಹಳೆಯ ಪೇಟಿಯ ಹಿತ್ತಾಳೆ ತೆಗೆದು ಹೊಸ ತಗಡು ಕೂಡಿಸಿ ಕೊಡುವವರ ಕತೆ ಕೇಳಿದ್ದೆನಾದ್ದರಿಂದ ಸ್ಟೂಲು ಎಳೆದುಕೊಂಡು ಅವರ ಎದುರಿಗೇ ಕೂತೆ, ಅವರು ತರಿಸಿದ ಚಹಾ ಕುಡಿಯುವಾಗಲೂ ಕಣ್ಣು ಕೀಳಲಿಲ್ಲ. ತಿದಿಗೆ ತೇಪೆ ಹಾಕಿದ ಮೇಲೆ ಮೂಕ ಮನಿಯ ಕೆಳಗೆ ಇಕ್ಕಳ ಇಳಿಸಿದ ಸಲೀಂ ಭಾಯಿ, "ಇದು ಕೆಟ್ಟಿಲ್ಲ ಮೇಡಂ, ಯಾರೋ ಬಾಯಿ ಕಟ್ಟ್ಯಾರ" ಎಂದು ಒಂದು ಬಟ್ಟೆಯ ತುಂಡನ್ನು ಹೊರಗೆಳೆದರು. ಮಡಿಸಿ, ಮೂಲೆಗೆ ದಾರ ಹಾಕಿ ಹೊಲಿದ ಇಳಕಲ್ ಸೀರೆಯ ಅಂಚು. ಅವ್ವನ ಸೀರೆ, ನನಗೆ ಗುರುತಿಲ್ಲವೇ?

ಮೊದಲು ಸಂಶಯ ಹೋದದ್ದು ಈರೇಶಿಯ ಮೇಲೆಯೇ. ಆದರೆ ಅವನು ನಮ್ಮ ಹೊಸ್ತಿಲು ತುಳಿಯುವ ಎಷ್ಟೋ ಮೊದಲೇ ಆ ಮನಿ ಮೂಕವಾಗಿತ್ತೆಂಬುದು ನೆನಪಾಗಿ, ಒಂದು ಆರೋಪವನ್ನು ಬಿಟ್ಟುಕೊಡಬೇಕಾಗಿ ಬಂದದ್ದಕ್ಕೆ ನನಗೆ ಬೇಸರವೇ ಆಯಿತು. ಸಲೀಂ ಭಾಯಿ ಬೆರಳಿಟ್ಟು ಒತ್ತಿದರೆ ಊರಿಗೆ ಹೋಗಿದ್ದವರು ಸ್ಪಷ್ಟವಾಗಿ ಓಗೊಟ್ಟರು. ಇಷ್ಟು ವರ್ಷ ಕಾದವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಬಾಗಿಲ ಹಾಡನ್ನು ಅಲ್ಲೇ ನುಡಿಸಿ ನೋಡಿದರೆ ಯಾರದೋ ಹಾಡಾಗಿ ಕೇಳಿಸಿತು. ಬಟ್ಟೆಯ ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ಬಂದೆ.

ಸನ್ಮಾನದ ದಿನ ಬೆಳಿಗ್ಗೆ ವಾದ್ಯದವರ ತಾಲೀಮು ಇದೆಯೆಂದು ಗೊತ್ತಾಗಿ, ಶತ್ರುವಿನ ಪಾಳೆಯ ನೋಡಿಬರೋಣವೆಂದು ಸಭಾಂಗಣಕ್ಕೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ಈರೇಶಿ ಇನ್ನೂ ಬಂದಿರಲಿಲ್ಲ. ಹೈದರಾಬಾದಿನಿಂದ ಬಂದ ವಯಸ್ಸಾದ ಪಿಟೀಲಿನವರೊಬ್ಬರು ಬಳ್ಳಾರಿಯ ಹುಡುಗರಿಗೆ ಹಾಡು ಹೇಳಿಕೊಡುತ್ತಿದ್ದರು. ಆ ಜಾಗ ಬಂದಾಗ ಅವರು ಕಮಾನನ್ನು ಮೇಲೆತ್ತಿ, "ಇಕ್ಕಡ ಮಾಸ್ತರ ಮನಿ. ಎವ್ವರೂ ಲೋಪಲಿಕಿ ಪೋವದ್ದು" ಎಂದರು. ಇಲ್ಲಿ ಮಾಸ್ತರ ಮನಿ ಬರುತ್ತದೆ, ಯಾರೂ ಒಳಗೆ ಹೋಗಬೇಡಿ ಎಂದು. ಇಡೀ ತೆಲುಗು ಮಾತಿನ ನಡುವೆ ಅದೆರಡೇ ಶಬ್ದ ನಮ್ಮವು, ಅದೂ ಮನೆ ಅಲ್ಲ, ಮನಿ.

ನಾನು ಕುರ್ಚಿ ಬಿಟ್ಟೆದ್ದೆ. ಹತ್ತಿರ ಹೋಗಿ, ಯಾವ ಮಾಸ್ತರ, ಯಾವ ಮನಿ ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ರೆಕಾರ್ಡಿಂಗಿನ ಮೊದಲ ದಿನದಿಂದ ಈರಾ ಸಾರು ಆ ಜಾಗಕ್ಕೆ ಹಾಗೇ ಅನ್ನುತ್ತಾರಮ್ಮಾ, ಯಾರೋ ಒಬ್ಬ ಹುಡುಗ ತಪ್ಪಿ ಆ ಸ್ವರ ನುಡಿಸಿದ್ದಕ್ಕೆ ಎಲ್ಲರನ್ನೂ ನಿಲ್ಲಿಸಿ ಮತ್ತೆ ಮೊದಲಿನಿಂದ ಮಾಡಿಸಿದರು, ನಮಗೆಲ್ಲ ಅದೇ ಹೆಸರು ರೂಢಿಯಾಗಿ ಹೋಯಿತು ಎಂದು ತೆಲುಗಿನಲ್ಲೇ ಹೇಳಿ ನಕ್ಕರು. ನಾನು ಯಾರೆಂದು ತಿಳಿಯದ ಆ ಮನುಷ್ಯನಿಗೆ ನನ್ನನ್ನು ಓಲೈಸುವ ಕಾರಣ ಒಂದೂ ಇರಲಿಲ್ಲ, ನಾನು ಹುಡುಕಿ ನೋಡಿದೆ.

ಅಷ್ಟರಲ್ಲಿ ಈರೇಶಿ ಬಂದ. ಗಡ್ಡ ನರೆತಿತ್ತು. ನನ್ನನ್ನು ಕಂಡವನು ಬಾಗಿಲಲ್ಲೇ ನಿಂತುಬಿಟ್ಟ, ಆಮೇಲೆ ಬಂದು ಕಾಲು ಮುಟ್ಟಿದ. ನಾನು ಕುಶಲ ಕೇಳಲಿಲ್ಲ, ಪರ್ಸಿನಿಂದ ಸೀರೆಯ ತುಂಡು ತೆಗೆದು ಹಿಡಿದೆ.

"ಇದು ನಿಮಗ ಸಿಕ್ತೇನಕ್ಕಾ!" ಎಂದ. "ಮಾಸ್ತರ ತುರುಕಿದ್ದು. ಒಂದ್ಸಲ ನಾ ಆಟ ನೋಡಾಕ ಹೋಗಿದ್ದೆ, ಅಲ್ಲಿ ಅವರು ಇದನ್ನ ತೆಗೆದಿಟ್ಟು ಆ ಮನಿ ಚೆಂದಾಗಿ ಬಾರಿಸಿದ್ರು. ಮರುದಿನ ಕೇಳಿದ್ರ ನಕ್ಕಬಿಟ್ರು. ಆಟ ಕೇಳಿ ಕದಿಯೋರು ಕದೀಲಿ ಬಿಡೋ, ನನ್ನ ಮನಿಗೆ ಬಂದು ರೊಟ್ಟಿ ತಿಂದು ಕದ್ದಾವ ಮಾತ್ರ ಗುರ್ತ ಸಿಗಬೇಕು ಅಂದ್ರು."

ಓದುಗರೇ, ನನಗೆ ಹೊಟ್ಟೆ ಉರಿಯಿತು. ಊರಿಗೆಲ್ಲ ಬಾಗಿಲು ತೆರೆದಿಟ್ಟ ಭೋಳೇ ಸ್ವಭಾವದವನೆಂದು ನಾನು ತಿಳಿದಿದ್ದ ಅಪ್ಪ, ನನಗಿಂತ ದೊಡ್ಡ ಸಂಶಯದವನಾಗಿದ್ದ. ಅದು ಹೋಗಲಿ, ಮಗಳಿಗೆ ಊರಿಗೆ ಹೋಗ್ಯಾರೆಂದು ಕತೆ ಕಟ್ಟಿ, ಯಾರನ್ನು ಹಿಡಿಯಲೆಂದು ಬಲೆ ಹಾಕಿದನೋ ಅವರಲ್ಲೇ ಒಬ್ಬನಿಗೆ ಗುಟ್ಟು ಹೇಳಿದ್ದ. "ಹಂಗಾರ ನಿನಗ ಪೂರಾ ಹಾಡು ಗೊತ್ತಿತ್ತಲ್ಲೋ! ಗೊತ್ತಿದ್ದೂ ತೂತು ಬಿಟ್ಟು ಮಾಡಿದಿಯಾ?" ಎಂದೆ.

"ಪೂರಾ ಮಾಡಿದ್ರ ನೀವು ಹಿಡೀತಿದ್ರೇನಕ್ಕಾ?" ಅವನು ನೆಲ ನೋಡುತ್ತ ಹೇಳಿದ. "ಮಾಸ್ತರ ಮಣ್ಣಿಗೂ ಬರಲಿಲ್ಲ ನಾನು, ರೆಕಾರ್ಡಿಂಗ್ ಬಿಟ್ಟು. ಆಮ್ಯಾಲ ಯಾವ ಮುಖ ಇಟ್ಕೊಂಡು ನಿಮ್ಮನಿಗೆ ಬಂದು ಈ ಹಾಡು ಕೊಡ್ರಿ, ಹೆಸರ ಹಾಕ್ತೀನಿ ಅಂತ ಕೇಳಲಿ? ನಿಮ್ಮ ಕೈಗೆ ಸಿಗಬೇಕಂತನ ಆ ತೂತು ಬಿಟ್ಟೀನಿ. ಯಾವಾಗ ಬಂದು ಕಪಾಳಕ್ಕ ಹೊಡೀತೀರಿ ಅಂತ ಕಾಯಾಕ ಹತ್ತೀನಿ."

ಹೊಡೆಯಲಿಲ್ಲ. ಕೈ ಎತ್ತಿದ್ದೇನೋ ನಿಜ, ಆದರೆ ಅದು ಅವನ ತಲೆಯ ಮೇಲೆ ಹೋಗಿ ಕೂತಿತು. ಇಬ್ಬರೂ ಅತ್ತೆವು, ಪಿಟೀಲಿನವರು ನಮಗಾಗಿ ಹುಡುಗರನ್ನು ಚಹಾಕ್ಕೆ ಕಳಿಸಿದರು. ಅವತ್ತಿನ ಸಭೆಯಲ್ಲಿ ಅವನು ಅಪ್ಪನ ಪೂರ್ತಿ ಹೆಸರನ್ನು, ಕುರುಗೋಡಿನ ಸಮೇತ, ಮೈಕಿನಲ್ಲಿ ಹೇಳಿದ. ಹಾಡಿಗೆ ಹೆಸರು ಸೇರಿಸುತ್ತೇನೆಂದೂ ಹೇಳಿದ್ದಾನೆ. ನಾನು ವಾರಕ್ಕೊಮ್ಮೆ ಪಕ್ಕದ ಮನೆಯವರ ಫೋನಿನಲ್ಲಿ ಸೇರಿದೆಯೋ ಇಲ್ಲವೋ ಎಂದು ನೋಡುತ್ತಲೇ ಇದ್ದೇನೆ. ಹುಟ್ಟುಗುಣ, ಅಪ್ಪನಿಂದ ಬಂದದ್ದು ಎಂದು ಈಗ ಗೊತ್ತಾಗಿದೆ.

ಪೇಟಿ ಮತ್ತೆ ಟೀವಿಯ ಪಕ್ಕಕ್ಕೆ ಬಂದಿದೆ. ಸಲೀಂ ಭಾಯಿಯ ಬಳಿಗೆ ಎರಡನೆಯ ಸಲ ಹೋಗಿ ಅವ್ವನ ಸೀರೆಯ ತುಂಡನ್ನು ಇದ್ದಲ್ಲೇ ಇಡಿಸಿದೆ, ಅವರು ನನ್ನ ತಲೆ ಕೆಟ್ಟಿದೆಯೆಂದುಕೊಂಡಿರಬೇಕು. ಈಗ ದುಪ್ಪಟಿ ಹೊದಿಸುವುದಿಲ್ಲ, ಸಂಜೆ ಕೂತು ಬಾಗಿಲ ಹಾಡನ್ನು ತಪ್ಪುತಪ್ಪಾಗಿ ನುಡಿಸುತ್ತೇನೆ. ಮೊನ್ನೆ ಗ್ಯಾಸಿನವನು ಸಿಲಿಂಡರು ಇಳಿಸಿ, ಬೆವರು ಒರೆಸಿಕೊಂಡು, ಸುಮ್ಮನೆ ಪೇಟಿಯ ಮೇಲೆ ಬೆರಳಾಡಿಸಿದ. "ಅಮ್ಮಾರ, ಇದೊಂದು ಮನಿ ಕೆಟ್ಟೈತಿ ನೋಡ್ರಿ" ಎಂದ.

"ಕೆಟ್ಟಿಲ್ಲಪ್ಪಾ" ಎಂದೆ. "ಅದು ಮಾಸ್ತರ ಮನಿ. ಒಳಗ ಅದಾರ."